ಬಂಪರ್ ಟು ಬಂಪರ್ ಚಕ್ಕುಬಂದಿ

“ನೀನು ಒರೆಸೋನು ಕಣ್ಲಾ, ಓಡ್ಸೋನಲ್ಲ.”

ಅಷ್ಟೂ ಜನರ ಮುಂದೆ ಚಿಕ್ಕಬೈರಪ್ಪ ಹೀಗಂದುಬಿಟ್ಟರು. ಆಯುಧಪೂಜೆಯ ಬೆಳಿಗ್ಗೆ. ಪುಟ್ಟೇನಹಳ್ಳಿಯ ಅವರ ಕಾಂಪೌಂಡಿನೊಳಗೆ ಬಾಡಿಗೆಯವರೆಲ್ಲ ತಂತಮ್ಮ ಸ್ಕೂಟರಿಗೆ ಚೆಂಡುಹೂವಿನ ಸರ ಸಿಕ್ಕಿಸಿಕೊಂಡು ನಿಂತಿದ್ದರು. ಪೂಜಾರಿ ಬೂದುಗುಂಬಳದ ಮೇಲೆ ಕರ್ಪೂರ ಇಟ್ಟುಕೊಂಡು ಬೆಂಕಿಪೊಟ್ಟಣ ಹುಡುಕುತ್ತಿದ್ದ. ಎದುರು ಮನೆಯ ಹೆಂಗಸರು ಕಡ್ಲೆಪುರಿಗೆ ಕವರು ಹಿಡಿದು ಗೇಟಿನಲ್ಲೇ ಕಾದಿದ್ದರು. ಎಲ್ಲರೂ ನಕ್ಕರು. ಬೈಗುಳಕ್ಕೆ ಪ್ರಾಸ ಕೂಡಿಬಂದಿತ್ತು, ಅದೇ ಕೇಡು. ಬರೀ ದಡ್ಡ ಅಂದಿದ್ದರೆ ಸಂಜೆಗೆ ಮರೆತುಹೋಗುತ್ತಿತ್ತು. ಇದು ಬೀದಿ ಕೊನೆಯ ಇಸ್ತ್ರಿ ಅಂಗಡಿಯವರೆಗೂ ತಾನೇ ನಡೆದುಕೊಂಡು ಹೋಗುವಂಥ ಮಾತು.

ಅನ್ನಿಸಿಕೊಂಡವನು ರೇವಂತ, ಚಿಕ್ಕಬೈರಪ್ಪನವರ ದೊಡ್ಡ ತಮ್ಮನ ಮಗ. ಅವನ ಕೈಯಲ್ಲಿ ಇನ್ನೂ ಕಾರು ಒರೆಸಿದ ಒದ್ದೆ ಬಟ್ಟೆ ಇತ್ತು. ಅದನ್ನು ಎಲ್ಲಿಡಬೇಕು ಅಂತ ತಿಳಿಯದೆ ಹಿಂಡಿದ, ನೀರು ಅವನ ಕಾಲ ಮೇಲೇ ಸುರಿಯಿತು. ಅದಕ್ಕೂ ಯಾರೋ ನಕ್ಕರು.

ಒಂಬತ್ತನೇ ಕ್ಲಾಸಿಗೆ ಸ್ಕೂಲು ಬಿಟ್ಟ ಹುಡುಗ ಅವನು. ಬಿಟ್ಟಿದ್ದಕ್ಕೆ ಮನೆಯಲ್ಲಿ ಯಾರೂ ಅಂಥಾ ಗೋಳಾಡಲಿಲ್ಲ. ಹೊಲ ಹೋಗಿ ಸೈಟಾಗಿ, ಸೈಟು ಹೋಗಿ ಬಾಡಿಗೆ ಮನೆಯಾದ ಮೇಲೆ ನೋಡಿಕೊಳ್ಳೋದಕ್ಕೆ ಒಬ್ಬ ಬೇಕಿತ್ತು. ಟ್ಯಾಂಕರ್ ನೀರು ಹಾಕಿಸುವವನು ಅವನೇ, ಮೋಟರ್ ಕೆಟ್ಟರೆ ಮೆಕ್ಯಾನಿಕ್ಕನ್ನು ಎಳೆದು ತರುವವನು ಅವನೇ. ಅದೆಲ್ಲ ಚಾಕರಿ. ಅವನಿಗೆ ಇದ್ದ ಒಂದೇ ಒಂದು ಮರ್ಯಾದೆ ಅಂದರೆ ದೊಡ್ಡಪ್ಪನ ಬಿಳಿ ಕಾರಿನ ಕೀ. ಕಾರು ದೊಡ್ಡಪ್ಪನದು, ಕೀ ಮಾತ್ರ ರೇವಂತನ ಜೇಬಿನಲ್ಲಿ. ದೊಡ್ಡಮ್ಮ ಮುನಿಲಕ್ಷ್ಮಮ್ಮನನ್ನು ರಾಹುಕಾಲಕ್ಕೆ ಬನಶಂಕರಿ ಗುಡಿಗೆ ಕರೆದುಕೊಂಡು ಹೋಗಿ ದೀಪ ಹಚ್ಚಿಸಿಕೊಂಡು ಬರುವವನು ಅವನು. ಮದುವೆ ಮನೆ ಮುಂದೆ ಕಾರು ನಿಲ್ಲಿಸಿ ಇಳಿದರೆ, ರೇವಂತ ಬಂದ ಅನ್ನುತ್ತಿದ್ದರೇ ಹೊರತು ಬೈರಪ್ಪನ ಕಾರು ಬಂತು ಅಂತ ಯಾರೂ ಅನ್ನುತ್ತಿರಲಿಲ್ಲ. ಮಕ್ಕಳಿಲ್ಲದ ಮನುಷ್ಯ ಚಿಕ್ಕಬೈರಪ್ಪ. ಅವರ ಕೀ ಯಾರ ಕೈಲಿದೆಯೋ ಅವನೇ ಅವರಿಗೆ ಮಗ, ಅಂತ ಊರು ಲೆಕ್ಕ ಹಾಕಿಕೊಂಡಿತ್ತು. ರೇವಂತನೂ ಹಾಕಿಕೊಂಡಿದ್ದ.

ಆಮೇಲೆ ಚೈತನ್ಯನಿಗೆ ಬ್ಯಾಂಕಿನಲ್ಲಿ ಕೆಲಸ ಸಿಕ್ಕಿತು.

ಚೈತನ್ಯ ಚಿಕ್ಕಪ್ಪನ ಮಗ, ರೇವಂತನಿಗಿಂತ ಸ್ವಲ್ಪ ಚಿಕ್ಕವನು, ಅದೇ ಕಾಂಪೌಂಡಿನ ಮೇಲಿನ ಮನೆ. ಬಿಕಾಂ ಮಾಡಿ, ಪರೀಕ್ಷೆ ಬರೆದು, ಜಯನಗರದ ಬ್ರ್ಯಾಂಚಿನಲ್ಲಿ ಕುಳಿತಿದ್ದ. ಅಂದಿನಿಂದ ದೊಡ್ಡಪ್ಪನ ಬಾಯಲ್ಲಿ ಚೈತು ಬಿಟ್ಟರೆ ಬೇರೆ ಹೆಸರಿಲ್ಲ. ಕರೆಂಟ್ ಬಿಲ್ ಚೈತು ನೋಡಲಿ, ಚೈತು ಬರಲಿ ಆಮೇಲೆ ಹೋಳಿಗೆ ಬಡಿಸು. ರೇವಂತ ವರ್ಷಾ ವರ್ಷಾ ತ್ಯಾಗರಾಜನಗರಕ್ಕೆ ಹೋಗಿ ಏಜೆಂಟ್ ಯಲ್ಲಯ್ಯನವರ ಮನೆಯಲ್ಲಿ ಕುಳಿತು ಮಾಡಿಸಿಕೊಂಡು ಬರುತ್ತಿದ್ದ ಕಾರಿನ ಇನ್ಶೂರೆನ್ಸನ್ನು ಈ ವರ್ಷ ಚೈತನ್ಯ ಸೋಫಾದಲ್ಲಿ ಕಾಲು ಮಡಿಸಿಕೊಂಡು ಕಾಫಿ ಕುಡಿಯುತ್ತಾ ಫೋನಿನಲ್ಲೇ ಮುಗಿಸಿದ. ಅದನ್ನು ದೊಡ್ಡಪ್ಪ ಸಿಕ್ಕಿದವರಿಗೆಲ್ಲ ಹೇಳಿದರು. ಇಷ್ಟು ವರ್ಷ ಅಲ್ಲಿಗೆ ಅಲೆದವನ ಹೆಸರು ಆ ಕಥೆಯಲ್ಲಿ ಎಲ್ಲೂ ಬರಲಿಲ್ಲ. ಕೇಳಿದಾಗಲೆಲ್ಲ ರೇವಂತನ ಹೊಟ್ಟೆಯಲ್ಲಿ ಬೆಂಕಿಗೆ ಉಪ್ಪು ಹಾಕಿದ ಹಾಗೆ ಚಟಚಟ ಅನ್ನುತ್ತಿತ್ತು. ಅವನಿಗೂ ಗೊತ್ತಿತ್ತು ಅದರ ಹೆಸರು. ಹೊಟ್ಟೆಕಿಚ್ಚಿಗೆ ಬೇರೆ ಹೆಸರಿಟ್ಟು ಸಮಾಧಾನ ಮಾಡಿಕೊಳ್ಳುವ ಜಾತಿ ಅಲ್ಲ ಅವನದು.

ಹಬ್ಬದ ಹಿಂದಿನ ದಿನ ಮಳೆ ಜಡಿದು, ಮೋರಿ ಉಕ್ಕಿ, ಕೆರೆ ಕಡೆಯ ನೀರೆಲ್ಲ ಕಾಂಪೌಂಡಿಗೆ ನುಗ್ಗಿತ್ತು. ರೇವಂತ ಎದ್ದು ನೋಡಿದಾಗ ನೀರು ಇಳಿದಿತ್ತು, ಆದರೆ ಕಾರಿನ ನಂಬರ್ ಪ್ಲೇಟಿನ ಮೇಲೆ, ನೀರು ನಿಂತಿದ್ದ ಮಟ್ಟಕ್ಕೆ, ಕೆಸರಿನ ಗೆರೆ ಇತ್ತು. ಅವನು ಆ ಗೆರೆಯನ್ನು ನೋಡಿದ. ನೋಡಿ, ಪೈಪು ಹಿಡಿದು ತೊಳೆದ, ಬಟ್ಟೆ ಹಿಡಿದು ಒರೆಸಿದ, ಗೆರೆ ಇತ್ತೋ ಇಲ್ಲವೋ ಅನ್ನುವ ಹಾಗೆ ಮಾಡಿದ. ಅವನ ತಲೆಯಲ್ಲಿದ್ದದ್ದು ಒಂದೇ: ಪೂಜೆ ಆದಮೇಲೆ ತಾನು ಕುಳಿತು, ಸ್ಟಾರ್ಟ್ ಮಾಡಿ, ಚಕ್ರದ ಕೆಳಗಿನ ನಿಂಬೆಹಣ್ಣುಗಳನ್ನು ಪಚಕ್ಕೆಂದು ಹಿಸುಕಿ ಗಾಡಿಯನ್ನು ಗೇಟಿನವರೆಗೆ ತರುವುದು. ಪ್ರತಿ ವರ್ಷ ಅವನೇ ಮಾಡುತ್ತಿದ್ದ ಕೆಲಸ. ಬೀದಿಯೆಲ್ಲ ನೋಡುವ ಕೆಲಸ.

ಆರತಿ ತಟ್ಟೆಯಲ್ಲಿದ್ದ ಕೀಯನ್ನು ದೊಡ್ಡಪ್ಪ ಕಣ್ಣಿಗೊತ್ತಿಕೊಂಡು ಚೈತನ್ಯನ ಕೈಗೆ ಕೊಟ್ಟರು.

ಆಗಲೇ ರೇವಂತನ ಬಾಯಿಂದ ಬಂದದ್ದು. ಸ್ಟಾರ್ಟ್ ಮಾಡೋದು ಬೇಡ ದೊಡ್ಡಪ್ಪ, ರಾತ್ರಿ ನೀರು ನುಗ್ಗಿದೆ, ಇಂಜಿನ್ನಿಗೆ ಹೋಗಿರುತ್ತೆ, ತಳ್ಳಿಕೊಂಡೇ ನಿಂಬೆಹಣ್ಣು ಹತ್ತಿಸಾಣ ಅಂದ. ಅಂದದ್ದು ಇಂಜಿನ್ ಮೇಲಿನ ಕಾಳಜಿಗಲ್ಲ. ಇಂಜಿನ್ನಿಗೆ ನೀರು ಹೋದರೆ ಏನಾಗುತ್ತೆ ಅಂತಲೂ ಅವನಿಗೆ ಸರಿಯಾಗಿ ಗೊತ್ತಿರಲಿಲ್ಲ. ಕೀ ತನ್ನ ಕೈಗೆ ಬಂದಿದ್ದರೆ ತಾನೇ ತಿರುಗಿಸುತ್ತಿದ್ದ. ತಾನಿಲ್ಲದಿದ್ದರೆ ಇವನೂ ಬೇಡ, ಯಾರೂ ಬೇಡ, ಅಷ್ಟೆ. ದೊಡ್ಡಪ್ಪ ಊರು ಕಂಡವರು, ಒಂದು ಕ್ಷಣಕ್ಕೆ ಅದನ್ನು ಮೂಸಿ ಹಿಡಿದರು. ಹಿಡಿದೇ ಒರೆಸೋನು ಅನ್ನುವ ಆ ಮಾತು ಎಸೆದದ್ದು.

ಚೈತನ್ಯ ಸಂಕೋಚದಲ್ಲೇ ಕುಳಿತು ಕೀ ತಿರುಗಿಸಿದ. ಒಂದು ಸಲ ಗೊರಗೊರ ಅಂತು. ಎರಡನೇ ಸಲ ತಿರುಗಿಸಿದಾಗ ಒಳಕಲ್ಲಿನಲ್ಲಿ ಗುಂಡುಕಲ್ಲು ಬಿದ್ದ ಹಾಗೆ ಒಂದು ಸದ್ದು ಬಂದು, ಗಾಡಿ ಮೈ ಒದರಿ, ನಿಂತೇಹೋಯಿತು. ನಿಂಬೆಹಣ್ಣುಗಳು ಚಕ್ರದ ಮುಂದೆ ಹಾಗೇ ದುಂಡಗೆ ಕುಳಿತಿದ್ದವು.

ಮುನಿಲಕ್ಷ್ಮಮ್ಮ ಮೊದಲು ನೋಡಿದ್ದು ಗಾಡಿಯನ್ನಲ್ಲ, ರೇವಂತನನ್ನು. ಹಬ್ಬದ ದಿನ ಬೇಡ ಬೇಡ ಅಂತ ಅಂದು ಅಂದು ನಿಲ್ಲಿಸಿಬಿಟ್ಟ, ಇವನ ನಾಲಿಗೆ ಮೇಲೆ ಮಚ್ಚೆ ಇದೆಯೋ ಏನೋ ಅಂತ ಗೊಣಗಿಕೊಂಡು, ಒಣಮೆಣಸಿನಕಾಯಿ ಉಪ್ಪು ತಂದು ಬಾನೆಟ್ಟಿಗೆ ನಿವಾಳಿಸಿದರು. ನಿವಾಳಿಸುವಾಗ ಕಣ್ಣು ಅವನ ಮೇಲೇ.

ಚಿಕ್ಕಬೈರಪ್ಪ ಮಾತ್ರ ಅಳುಕಲಿಲ್ಲ. ಇನ್ಶೂರೆನ್ಸ್ ಬಂಪರ್ ಟು ಬಂಪರ್ ಇದೆ, ಯಾಕೆ ಬಾಯಿ ಬಡ್ಕೊಳ್ತೀರಿ ಅಂದರು. ಅದು ಅವರ ಮಂತ್ರ. ಜೀವಮಾನವಿಡೀ ಜಮೀನಿನ ಕ್ರಯಪತ್ರ ಓದಿಸಿಕೊಂಡ ಮನುಷ್ಯ, ಅವರಿಗೆ ಯಾವ ಆಸ್ತಿಯಾದರೂ ಚಕ್ಕುಬಂದಿಯಲ್ಲೇ ಅರ್ಥವಾಗಬೇಕು. ಪೂರ್ವಕ್ಕೆ ಮುಂದಿನ ಬಂಪರು, ಪಶ್ಚಿಮಕ್ಕೆ ಹಿಂದಿನ ಬಂಪರು, ಉತ್ತರಕ್ಕೆ ದಕ್ಷಿಣಕ್ಕೆ ಎರಡು ಕಡೆ ಬಾಗಿಲು. ಈ ಮಧ್ಯೆ ಇರುವ ಕಲ್ಲು, ಮಣ್ಣು, ಮರ, ಬಾವಿ, ನಿಧಿ, ನಿಕ್ಷೇಪ ಎಲ್ಲಾ ಸೇರಿತು. ಇಂಜಿನ್ನೇನು ಎಲ್ಲೆ ದಾಟಿ ಪಕ್ಕದವರ ಹೊಲದಲ್ಲಿದೆಯಾ?

ಹಬ್ಬ ಕಳೆದ ಮೇಲೆ ಗಾಡಿಯನ್ನು ಹುಳಿಮಾವಿನ ಗ್ಯಾರೇಜಿಗೆ ಎಳೆಸಿದರು, ದೊಡ್ಡಪ್ಪನ ಜೊತೆ ಹುಡುಗರಿಬ್ಬರೂ ಹೋದರು. ಇನ್ಶೂರೆನ್ಸ್ ಕಡೆಯಿಂದ ಹಾನಿ ನೋಡಿ ಲೆಕ್ಕ ಹಾಕುವ ಸರ್ವೇಯರ್ ಬಂದ. ಸುಭಾಷ್ ಅಂತ ಹೆಸರು, ಮೆತ್ತಗೆ ಮಾತಾಡುವ ಮನುಷ್ಯ. ಆಗಲೇ ಇಂಜಿನ್ ಬಿಚ್ಚಿ ಹಾಕಿದ್ದರು, ಒಳಗೆ ಕನೆಕ್ಟಿಂಗ್ ರಾಡ್ ಹುರಿಗಡಲೆ ಅಂಗಡಿಯ ಸೌಟಿನ ಹಾಗೆ ಬಗ್ಗಿತ್ತು. ಸುಭಾಷ್ ಫೋಟೋ ತೆಗೆದುಕೊಂಡು, ನೀರು ನುಗ್ಗಿದ ಮೇಲೆ ಗಾಡಿಯನ್ನು ಯಾರಾದರೂ ಸ್ಟಾರ್ಟ್ ಮಾಡಿದರಾ ಅಂತ ಕೇಳಿದ.

ಯಾರೂ ಮುಟ್ಟೇ ಇಲ್ಲ ಅಂತ ಚಿಕ್ಕಬೈರಪ್ಪ ಶುರು ಮಾಡಿದ್ದರು.

“ನಾನೇ ಸಾರ್ ಸ್ಟಾರ್ಟ್ ಮಾಡಿದ್ದು. ಎರಡು ಸಲ,” ಅಂದ ಚೈತನ್ಯ.

ರೇವಂತ ಹಲ್ಲು ಕಚ್ಚಿದ. ಗಾಡಿ ಹಾಳು ಮಾಡಿದವನು ಇವನು, ಕೂತು ಅಳಬೇಕಾದವನು ಇವನು, ಆದರೆ ತಪ್ಪು ಒಪ್ಪಿಕೊಳ್ಳುವುದರಲ್ಲೂ ಇವನೇ ಫಸ್ಟ್ ಕ್ಲಾಸು. ಸರ್ವೇಯರ್ ಕೂಡ ಅವನ ಕಡೆ ತಿರುಗಿ ಒಂಥರಾ ಗೌರವದಲ್ಲಿ ತಲೆಯಾಡಿಸಿದ. ಆ ಒಂದು ತಲೆಯಾಡಿಸುವಿಕೆಗೆ ರೇವಂತ ಈ ಗ್ಯಾರೇಜನ್ನೇ ಸುಟ್ಟುಬಿಡಬಲ್ಲವನಾಗಿದ್ದ.

ಹಾಗಾದರೆ ಇಂಜಿನ್ನಿಗೆ ಇನ್ಶೂರೆನ್ಸ್ ದುಡ್ಡು ಬರೋದಿಲ್ಲ ಅಂತ ಸುಭಾಷ್ ಹೇಳಿದ. ಚಿಕ್ಕಬೈರಪ್ಪ ನಂಬಲಿಲ್ಲ. ಮುಂದಿನ ಬಂಪರಿನ ಮೇಲೆ ಅಂಗೈ ಇಟ್ಟರು. ಹಾಗೇ ಕೈ ಎತ್ತದೆ, ಬಾನೆಟ್ ಸವರಿಕೊಂಡು, ಬಾಗಿಲು ಸವರಿಕೊಂಡು, ಡಿಕ್ಕಿ ಸುತ್ತಿ ಹಿಂದಿನ ಬಂಪರಿನವರೆಗೆ ನಡೆದು ಹೋದರು. ಗ್ಯಾರೇಜಿನ ಹುಡುಗರು ಕೆಲಸ ಬಿಟ್ಟು ನೋಡುತ್ತಿದ್ದರು.

“ಇಲ್ಲಿಂದ ಇಲ್ಲಿವರ್ಗೂ ತಾನೇ? ನಡುವೆ ಎಲ್ಲಾದ್ರೂ ನನ್ನ ಕೈ ಬಿಡ್ತೇನಪ್ಪಾ?”

ಸುಭಾಷ್ ನಗಲಿಲ್ಲ. ಆ ಮನುಷ್ಯನ ದೊಡ್ಡತನ ಅದು. “ಅದು ಜಾಗದ ಅಳತೆ ಅಲ್ಲ ಯಜಮಾನ್ರೇ,” ಅಂದ. “ಸವಕಲು ಲೆಕ್ಕ. ಹಳೇ ಗಾಡಿಗೆ ಹೊಸ ಪಾರ್ಟ್ ಹಾಕಿದ್ರೆ, ವಯಸ್ಸಾಯ್ತು ಅಂತ ಕಂಪನಿಯೋರು ದುಡ್ಡು ಮುರ್ಕೊಳ್ಳಲ್ಲ. ಬಂಪರ್ ಟು ಬಂಪರ್ ಅಂದ್ರೆ ಅಷ್ಟೇ. ಯಾವ್ಯಾವ ಹಾನಿ ಸೇರುತ್ತೆ ಅನ್ನೋದು ಬೇರೆ ಮಾತು.”

ಆಮೇಲೆ ಬಿಡಿಸಿ ಹೇಳಿದ. ನೀರು ನುಗ್ಗಿ ಕೆಟ್ಟದ್ದು ಸೀಟು, ಕಾರ್ಪೆಟ್ಟು, ವೈರಿಂಗು, ಅದೆಲ್ಲ ಪಾಲಿಸಿಯಲ್ಲಿ ಬರುತ್ತೆ, ಪ್ರವಾಹಕ್ಕೆ ಬಂದ ಹಾನಿ. ಇಂಜಿನ್ ಮುರಿದದ್ದು ನೀರಲ್ಲ. ಒಳಗೆ ನೀರಿದ್ದಾಗ ತಿರುಗಿಸಿದ ಕೀ. ಸುಮ್ಮನೆ ಎಳೆದುಕೊಂಡು ಬಂದಿದ್ದರೆ ನೀರು ಬಸಿದು, ಆಯಿಲ್ ಬದಲಾಯಿಸಿ ಕೊಟ್ಟುಬಿಡಬಹುದಿತ್ತೇನೋ. ಅಂಥ ಹಾನಿಗೆ ಇಂಜಿನ್ ಪ್ರೊಟೆಕ್ಷನ್ ಅಂತ ಬೇರೆ ಕವರ್ ಇದೆ, ಅದನ್ನು ಕೇಳಿ ಹಾಕಿಸಿಕೊಳ್ಳಬೇಕು, ನಿಮ್ಮ ಪಾಲಿಸಿಯಲ್ಲಿ ಅದಿಲ್ಲ. ಏನು ಸೇರುತ್ತೆ ಅನ್ನುವ ಪುಟವನ್ನು ಎಲ್ಲರೂ ಓದುತ್ತಾರೆ, ಏನು ಸೇರೋದಿಲ್ಲ ಅನ್ನುವ ಪುಟವನ್ನು ಯಾರೂ ತಿರುಗಿಸೋದಿಲ್ಲ ಅಂದ.

ಚಿಕ್ಕಬೈರಪ್ಪ ಹಿಂದಿನ ಬಂಪರಿನ ಹತ್ತಿರ ಕೈ ಇಟ್ಟುಕೊಂಡೇ ನಿಂತಿದ್ದರು. ಹಾಗೇ ತಿರುಗಿ ರೇವಂತನನ್ನು ನೋಡಿದರು. ಆ ನೋಟವನ್ನು ಅವನು ಎಷ್ಟು ದಿನದಿಂದ ಕಾದಿದ್ದನೋ.

ಇವನು ಹೇಳಿದ್ದ, ಅಂದರು ಸರ್ವೇಯರ್ ಕಡೆಗೆ. ಬೇಡ ಬೇಡ ಅಂತ ಬಡ್ಕೊಂಡ, ನಾನೇ ಕೇಳಲಿಲ್ಲ, ಅವನಿಗೆ ಗಾಡಿಯ ಕರುಳೇ ಗೊತ್ತು. ಆಮೇಲೆ ಚೈತನ್ಯನ ಕಡೆ ತಿರುಗಿ ಗುಡುಗಿದರು. ಇವನು ಯಲ್ಲಯ್ಯನ ಹತ್ತಿರ ಹೋಗಿ ಮಾಡಿಸುತ್ತಿದ್ದಾಗ ಎಲ್ಲಾ ಸರಿ ಇತ್ತು. ನೀನು ಫೋನಿನಲ್ಲಿ ಗೀರಿದೆ, ಇಂಜಿನ್ ಬಿಟ್ಟುಹೋಯಿತು.

ಚೈತನ್ಯ ಬಾಯಿ ತೆರೆದ, ಮತ್ತೆ ಮುಚ್ಚಿದ.

ಆ ದಿನ ಗ್ಯಾರೇಜಿನಿಂದ ಹೊರಟ ರೇವಂತನಿಗೆ ಬನ್ನೇರುಘಟ್ಟ ರೋಡಿನ ಟ್ರಾಫಿಕ್ಕು ಕೂಡ ಮದುವೆ ಮೆರವಣಿಗೆಯ ಹಾಗೆ ಕಂಡಿತು. ಮನೆಗೆ ಹೋಗಲಿಲ್ಲ. ದೊಡ್ಡಪ್ಪನ ಮಾತಿಗೆ ಒಂದು ಸಾಕ್ಷಿ ತಂದು ಅದರ ಮೇಲೆ ಇಟ್ಟುಬಿಟ್ಟರೆ ಚೈತನ್ಯನ ಕಥೆ ಶಾಶ್ವತವಾಗಿ ಮುಗಿಯಿತು. ಹಳೇ ಪಾಲಿಸಿಗಳೆಲ್ಲ ಕಾರಿನ ಸೀಟಿನ ಕೆಳಗಿದ್ದು ನೆನೆದು ಮುದ್ದೆಯಾಗಿದ್ದವು. ಆದರೆ ಯಲ್ಲಯ್ಯನವರ ಕಂಪ್ಯೂಟರಿನಲ್ಲಿ ಇರಲೇಬೇಕು. ಬೈಕನ್ನು ಸೀದಾ ತ್ಯಾಗರಾಜನಗರಕ್ಕೆ ತಿರುಗಿಸಿದ.

ಯಲ್ಲಯ್ಯನವರು ಮಧ್ಯಾಹ್ನದ ನಿದ್ದೆಯಿಂದ ಎದ್ದು ಬಂದು, ಕಂಪ್ಯೂಟರಿಗೆ ಹೊದಿಸಿದ್ದ ಟವೆಲ್ ತೆಗೆದು ಮಡಚಿಟ್ಟರು. ಈ ವರ್ಷ ತನ್ನ ಕಡೆ ಬಾರದ್ದಕ್ಕೆ ಅವರಿಗೂ ಸ್ವಲ್ಪ ಮುನಿಸು. ರೇವಂತ ವಿಷಯ ಹೇಳಿದ. ಹೋದ ವರ್ಷದ್ದು ತೆಗೆಯಿರಿ ಸಾರ್, ಇಂಜಿನ್ ಕವರ್ ಇರೋದು ನನಗೆ ಫೋಟೋ ಬೇಕು ಅಂದ. ಅವರು ಕನ್ನಡಕ ಏರಿಸಿ ಹುಡುಕಿದರು, ಅದರ ಹಿಂದಿನದನ್ನೂ ಹುಡುಕಿದರು, ಕೊನೆಗೆ ಕುರ್ಚಿ ತಿರುಗಿಸಿಕೊಂಡು ಅವನ ಮುಖ ನೋಡಿದರು. ಇಂಜಿನ್ ಕವರ್ ಯಾವ ವರ್ಷವೂ ಇರಲಿಲ್ಲ.

ಇಲ್ಲದೆ ಇರುವ ಮಾತೇ ಇಲ್ಲ, ಇನ್ನೊಂದು ಸಲ ನೋಡಿ ಅಂದ ರೇವಂತ.

“ನೋಡೋದೇನಪ್ಪಾ, ನಂಗೇ ನೆನಪಿದೆ. ಮೊದಲನೇ ವರ್ಷವೇ ಕೇಳಿದೆ, ನಿಮ್ಮದು ಕೆರೆ ಕಡೆ, ಇಂಜಿನ್ನಿಗೆ ಬೇರೆ ಹಾಕ್ಲಾ ಅಂತ. ನೀನೇ ಏನಂದೆ? ಬಂಪರ್ ಟು ಬಂಪರ್ ಇದ್ಮೇಲೆ ಇಂಜಿನ್ ಎಲ್ಲೋಗುತ್ತೆ ಸಾರ್ ಅಂದೆ. ನಗಾಡ್ಕೊಂಡು ಎದ್ದೋದೆ.”

ರೇವಂತನಿಗೆ ಅದು ನೆನಪಿಗೆ ಬಂತು. ಅದಷ್ಟೇ ಅಲ್ಲ, ಆ ದಿನ ಮನೆಗೆ ಹೋಗಿ ಅಂಗಳದಲ್ಲೇ ನಿಂತು, ಬಂಪರ್ ಟು ಬಂಪರ್ ಮಾಡಿಸ್ಕೊಂಡು ಬಂದೆ ದೊಡ್ಡಪ್ಪ, ಇನ್ನು ಏನೇ ಆಗಲಿ ಗಾಡಿಯ ಕೂದಲೂ ಕೊಂಕಲ್ಲ ಅಂತ ಎದೆ ಉಬ್ಬಿಸಿ ಹೇಳಿದ್ದೂ ನೆನಪಾಯಿತು. ಆ ಮಾತನ್ನು ಆ ಮನೆಯೊಳಗೆ ತಂದು ನೆಟ್ಟವನು ಅವನೇ. ದೊಡ್ಡಪ್ಪ ಅದಕ್ಕೆ ಚಕ್ಕುಬಂದಿ ಹಾಕಿಕೊಂಡರು, ಅಷ್ಟೆ.

ಯಲ್ಲಯ್ಯನವರು ಇನ್ನೂ ಮಾತಾಡುತ್ತಿದ್ದರು. ಆ ಬ್ಯಾಂಕಿನ ಹುಡುಗ ಒಳ್ಳೇವನು, ಬೇರೆ ಕಡೆ ಮಾಡಿದರೂ ನನಗೊಂದು ಫೋನ್ ಮಾಡಿದ್ದ, ಅಂದರು. ಹೋದ ವರ್ಷ ಏನೇನಿತ್ತು ಅಂತ ಕೇಳಿಕೊಂಡ. ಇಂಜಿನ್ನಿಗೆ ಬೇರೆ ಇದೆ, ನೀವು ಯಾವತ್ತೂ ಹಾಕಿಸಿಲ್ಲ ಅಂತಲೂ ನಾನೇ ಹೇಳಿದೆ. “ಬೇಡ ಸಾರ್, ಗಾಡಿ ವಿಷಯ ನಮ್ಮಣ್ಣನಿಗೇ ಗೊತ್ತಿರೋದು, ಅವನು ಹೆಂಗೆ ಮಾಡ್ಸಿದ್ನೋ ಹಂಗೇ ಇರ್ಲಿ,” ಅಂದ.

ಕಾಫಿ ಬಂತು. ರೇವಂತ ಕುಡಿಯಲಿಲ್ಲ. ಎದ್ದು ಬೈಕ್ ಹತ್ತಿರ ಬಂದ. ಅವನಿಗೆ ನಾಚಿಕೆ ಆಗಬೇಕಿತ್ತು, ಆಯಿತೂ ಕೂಡ, ಆದರೆ ಅದರ ಹಿಂದೆಯೇ ಇನ್ನೊಂದು ಬಂತು. ನಮ್ಮಣ್ಣನಿಗೇ ಗೊತ್ತಿರೋದು ಅಂದನಂತೆ. ಹಾಗನ್ನೋದಕ್ಕೆ ಎಷ್ಟು ತಣ್ಣಗಿರಬೇಕು ಆ ಹೊಟ್ಟೆ. ರೇವಂತನ ಬಾಯಲ್ಲಿ ಚೈತನ್ಯನ ಬಗ್ಗೆ ಅಂಥ ಒಂದು ಮಾತು ಜನ್ಮದಲ್ಲಿ ಬಂದಿಲ್ಲ, ಬರೋದೂ ಇಲ್ಲ. ಓದು ಅವನಿಗೆ, ಕೆಲಸ ಅವನಿಗೆ, ಹೋಳಿಗೆ ಅವನಿಗೆ. ಕೊನೆಗೆ ಒಳ್ಳೇತನವೂ ಅವನಿಗೇ ಹೋಯಿತಾ? ಪಾಲು ಮಾಡುವಾಗ ಯಾರಾದರೂ ಇತ್ತ ಕಡೆ ನೋಡಲೇ ಇಲ್ಲವಾ?

ಅವನು ಮನೆ ತಲುಪುವಾಗ ಸಂಜೆ ದೀಪ ಹಚ್ಚಿದ್ದರು. ದೊಡ್ಡಪ್ಪನ ಹಾಲಿನಲ್ಲಿ ಎಲ್ಲರೂ ಸೇರಿದ್ದರು. ಅವನ ಅಪ್ಪ, ಚಿಕ್ಕಪ್ಪ, ಬಾಗಿಲ ಹತ್ತಿರ ಮುನಿಲಕ್ಷ್ಮಮ್ಮ, ಸೋಫಾದ ತುದಿಯಲ್ಲಿ ಚೈತನ್ಯ. ಚೈತನ್ಯ ಸೋಫಾದ ತುದಿಯಲ್ಲಿ ಕುಳಿತದ್ದನ್ನು ರೇವಂತ ಅದೇ ಮೊದಲು ನೋಡಿದ್ದು. ಚಿಕ್ಕಬೈರಪ್ಪ ರೇವಂತನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ಹೊಸ ಇಂಜಿನ್ ಹಾಕಿಸೋದೇ ಸೈ, ದುಡ್ಡು ಕೈಯಿಂದಲೇ ಹೋಗಲಿ ಅಂದರು. ಓದಿದವರ ಬುದ್ಧಿ ಓದಿನ ಹತ್ತಿರ ಇರಲಿ, ಗಾಡಿ ಗೊತ್ತಿದ್ದವನ ಕೈಲಿ ಗಾಡಿ ಇರಬೇಕು ಅಂದರು. ಹಬ್ಬದ ದಿನ ತಾನು ಅಂದದ್ದನ್ನು ಅವರು ಎತ್ತಲಿಲ್ಲ, ದೊಡ್ಡವರು ಹಾಗೆಲ್ಲ ಎತ್ತುವುದಿಲ್ಲ. ಮುನಿಲಕ್ಷ್ಮಮ್ಮ ಅವನಿಗೆ ಒಂದು ತಟ್ಟೆ ಒಬ್ಬಟ್ಟು ತಂದಿಟ್ಟು, ಬಿಸಿ ಇರುವಾಗಲೇ ತಿನ್ನಪ್ಪಾ ಅಂದರು. ಅವರ ಕಣ್ಣಿನಲ್ಲಿ ಈಗ ಮಚ್ಚೆ ಗಿಚ್ಚೆ ಏನೂ ಇರಲಿಲ್ಲ. ಬೇಡ ಅಂತ ಮೊದಲೇ ಹೇಳಿದವನು, ಬಲ್ಲವನು, ಮನೆಗೆ ಒಬ್ಬನಾದರೂ ಹೀಗಿರಬೇಕು.

ದೊಡ್ಡಪ್ಪ ಜುಬ್ಬದ ಜೇಬಿನಿಂದ ಕೀ ತೆಗೆದು ಅವನ ಅಂಗೈಗೆ ಹಾಕಿ, ಬೆರಳು ಮಡಚಿಸಿದರು. “ಇನ್ಮೇಲೆ ಇದು ನಿನ್ನತ್ರಾನೇ. ಇನ್ಶೂರೆನ್ಸೂ ನೀನೇ ನೋಡ್ಕೋ, ಮೊದಲು ಮಾಡಿಸ್ತಿದ್ದಂಗೆ. ಅವನು ಕೈ ಹಾಕೋದು ಬೇಡ.”

ಚಿಕ್ಕಪ್ಪ ತಲೆ ತಗ್ಗಿಸಿದ. ಮಗನ ಮೇಲಿನ ಈ ಮಾತು ಅವನನ್ನೇ ಕುಳಿತಲ್ಲಿ ಕುಗ್ಗಿಸಿತ್ತು. ಚೈತನ್ಯ ಮಾತ್ರ ತಲೆ ಎತ್ತಿ ರೇವಂತನನ್ನು ನೋಡಿದ. ಕೋಪ ಇರಲಿಲ್ಲ. ಜಗಳಕ್ಕೆ ಬಂದ ಮುಖವೂ ಅಲ್ಲ.

“ಅಣ್ಣ, ನೀನೇ ಹೇಳು. ನೀನು ಮಾಡಿಸ್ತಿದ್ದಾಗ ಅದ್ರಲ್ಲಿ ಇಂಜಿನ್ ಸೇರಿತ್ತಾ?”

ಎಲ್ಲರ ಮುಖ ರೇವಂತನ ಕಡೆ ತಿರುಗಿತು. ಚೈತನ್ಯನಿಗೆ ಉತ್ತರ ಗೊತ್ತು, ಗೊತ್ತಿದ್ದೇ ಕೇಳುತ್ತಿದ್ದಾನೆ ಅಂತ ಅವನಿಗೆ ಒಮ್ಮೆಲೇ ತಿಳಿಯಿತು. ಯಲ್ಲಯ್ಯನವರು ಹೇಳಿದ್ದಾರೆ. ಗ್ಯಾರೇಜಿನಲ್ಲಿ ಬಾಯಿ ತೆರೆದು ಮುಚ್ಚಿದ್ದು ಅದಕ್ಕೇ. ತಾನೇ ಹೇಳಿ ಮುಗಿಸಬಹುದಿತ್ತು, ಹೇಳದೆ ರೇವಂತನಿಗೆ ಬಿಟ್ಟಿದ್ದಾನೆ. ಅಣ್ಣನಾಗಿ ಹೇಳಲಿ ಅಂತ. ಹೇಳೇ ಹೇಳುತ್ತಾನೆ ಅಂತ ನಂಬಿ ಕುಳಿತಿದ್ದಾನೆ.

ಆ ನಂಬಿಕೆಯೇ ಅವನ ಮೈ ಉರಿಸಿದ್ದು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಸುಳ್ಳುಗಾರ ಅಂದಿದ್ದರೆ ಕಾಲರ್ ಹಿಡಿಯಬಹುದಿತ್ತು. ಇಲ್ಲ ಅಂದರೆ ಈ ಕೀ ಮತ್ತೆ ಆ ಕೈಗೆ ಹೋಗುತ್ತೆ, ಜೊತೆಗೆ ಪಾಪದ ಹುಡುಗ ಅನ್ನುವ ಹೆಸರೂ ಹೋಗುತ್ತೆ. ಹೌದು ಅಂದರೆ, ಆ ಕಣ್ಣು ಏನೂ ಅನ್ನದೆ ಇವನನ್ನು ನೋಡುತ್ತೆ, ಇನ್ನು ಈ ಕಾಂಪೌಂಡಿನಲ್ಲಿ ಇರುವಷ್ಟು ದಿನ ನೋಡುತ್ತಲೇ ಇರುತ್ತೆ.

“ಹೇಳ್ಲಾ ಮತ್ತೆ,” ಅಂದರು ದೊಡ್ಡಪ್ಪ, ನಗುತ್ತಾ, ಉತ್ತರ ತನಗೆ ಗೊತ್ತಿದೆ ಅನ್ನುವ ಧೈರ್ಯದಲ್ಲಿ.

ರೇವಂತ ಎದ್ದ. ಒಬ್ಬಟ್ಟಿನ ತಟ್ಟೆಯನ್ನು ದಾಟಿ, ಬಾಗಿಲಲ್ಲಿದ್ದ ದೊಡ್ಡಮ್ಮನ ಪಕ್ಕದಲ್ಲಿ ಮೈ ಓರೆ ಮಾಡಿಕೊಂಡು ನುಸುಳಿ ಹೊರಗೆ ಬಂದ. ಹಿಂದಿನಿಂದ ಚೈತನ್ಯ ಇನ್ನೊಂದು ಸಲ ಅಣ್ಣಾ ಅಂದದ್ದು ಕೇಳಿಸಿತು. ಮುಷ್ಟಿಯಲ್ಲಿ ಕೀ ಬಿಗಿಯಾಗಿ ಒತ್ತುತ್ತಿತ್ತು. ಅವನು ಮುಷ್ಟಿ ಸಡಿಲಿಸಲಿಲ್ಲ, ತಿರುಗಿಯೂ ನೋಡಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಗೇಟು ತೆಗೆದು, ಕೆರೆ ಕಡೆಯ ರಸ್ತೆ ಹಿಡಿದು ನಡೆದ.